ಇಂತಿಂಥ ಅಕ್ಷರ ಇರುವ ಇಂಗ್ಲಿಷ್ ಪದ ಹುಡುಕೋದು ಹೇಗೆ?

ಪದಪೇಚು

ಎಲ್ಲರಿಗೂ ನಮಸ್ಕಾರ. ಗೆಳೆಯರ ಗುಂಪಿಗೆ ಆಗಾಗ ಇಂಗ್ಲಿಷ್ ಪದಗಳ ಆಟ ಕಟ್ಟಿಕೊಡುವುದು ನನ್ನ ಹವ್ಯಾಸ. "ಈ ಮೂರು ಅಕ್ಷರ ಇರುವ ಪದ ಹೇಳಿ", "ಕ್ಯೂ ಇರಬೇಕು, ಯು ಇರಬಾರದು", ಹೀಗೆ. ಪ್ರಶ್ನೆ ಕೇಳುವುದೇನೋ ಸುಲಭ. ಆದರೆ ಯಾರಾದರೂ ಎಲ್ಲಿಂದಲೋ ಒಂದು ಪದ ತಂದು "ಇದು ನಡೆಯುತ್ತಾ?" ಎಂದರೆ ನಾನು ನಿಘಂಟು ತಿರುವುತ್ತಾ ಕೂರಬೇಕು.

ಸರ್ಚ್‌ನಲ್ಲಿ "ಎ, ಬಿ, ಸಿ ಇರುವ ಪದಗಳು" ಎಂದು ಹಾಕಿದರೆ ಒಂದೊಂದು ಕಡೆ ಒಂದೊಂದು ಥರ ಉತ್ತರ. ಒಂದರಲ್ಲಿ ಮೂರೂ ಅಕ್ಷರ ಅಕ್ಕಪಕ್ಕ ಕೂತಿರುತ್ತವೆ, ಇನ್ನೊಂದರಲ್ಲಿ ಚೆಲ್ಲಾಪಿಲ್ಲಿ. ನೀವೆಲ್ಲ ಹೇಗೆ ಹುಡುಕುತ್ತೀರಿ? ತಲೆಯಲ್ಲೇ ಹುಡುಕುವ ಉಪಾಯ ಇದ್ದರೂ ಹೇಳಿ, ಕಂಪ್ಯೂಟರ್ ದಾರಿ ಇದ್ದರೂ ಹೇಳಿ. ಎರಡೂ ಬೇಕು.

ಗ್ರೆಪ್‌ಗಿರಾಕಿ

ಮೊದಲು ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ಬಿಡಿಸೋಣ. "ಈ ಅಕ್ಷರ ಇರುವ ಪದ" ಎನ್ನುವುದು ಒಂದು ಪ್ರಶ್ನೆ ಅಲ್ಲ, ಕನಿಷ್ಠ ನಾಲ್ಕು ಪ್ರಶ್ನೆ. ನಿಮ್ಮ ಎ, ಬಿ, ಸಿ ಯನ್ನೇ ತೆಗೆದುಕೊಳ್ಳಿ.

ಮೂರೂ ಅದೇ ಕ್ರಮದಲ್ಲಿ, ನಡುವೆ ಏನೂ ಇಲ್ಲದೆ ಬರಬೇಕು ಎಂದರೆ ಡ್ಯಾಬ್‌ಚಿಕ್ ಥರದ ಪದ ಸಿಗುತ್ತದೆ. ಡಿ-ಎ-ಬಿ-ಸಿ-ಎಚ್-ಐ-ಸಿ-ಕೆ, ಅದೊಂದು ಪುಟ್ಟ ನೀರುಹಕ್ಕಿ. ಕ್ರಮ ಅದೇ ಇರಲಿ, ನಡುವೆ ಬೇರೆ ಅಕ್ಷರ ಬಂದರೂ ಪರವಾಗಿಲ್ಲ ಎಂದರೆ ಏರೋಬಿಕ್: ಎ-ಇ-ಆರ್-ಒ-ಬಿ-ಐ-ಸಿ. ಕ್ರಮವೂ ಬೇಡ, ಎಲ್ಲೋ ಇದ್ದರೆ ಸಾಕು ಎಂದರೆ ಕೇಬಲ್, ಬ್ಲ್ಯಾಕ್, ಕ್ಯಾಬಿನ್, ಹೀಗೆ ಸಾವಿರಾರು. ಈ ಮೂರು ಬಿಟ್ಟು ಬೇರೆ ಅಕ್ಷರ ಇರಲೇಬಾರದು ಎಂದರೆ ಕ್ಯಾಬ್, ಸಿ-ಎ-ಬಿ.

ಇನ್ನೂ ಒಂದಿದೆ, ಜಾಗದ ಪ್ರಶ್ನೆ. ಎರಡನೇ ಮನೆಯಲ್ಲಿ ಎ, ಕೊನೆಯ ಮನೆಯಲ್ಲಿ ಎಚ್, ಒಟ್ಟು ಐದು ಅಕ್ಷರ. ಪದಬಂಧದವರಿಗೆ ಬೇಕಾಗುವುದು ಇದು. ಇವುಗಳಲ್ಲಿ ಯಾವುದು ನಿಮ್ಮದು ಎಂದು ತೀರ್ಮಾನಿಸಿದರೆ ಅರ್ಧ ಕೆಲಸ ಮುಗಿಯಿತು. ಸರ್ಚ್‌ಗೆ ಅದು ಗೊತ್ತಾಗುವುದಿಲ್ಲ, ತನಗೆ ತೋಚಿದ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಸುಮ್ನೆಬಂದೆ

ಎಕ್ಸ್, ವೈ, ಝೆಡ್ ಮೂರೂ ಸಾಲಾಗಿ ಇರುವ ಪದ ಇದೆಯಾ? ಸುಮ್ನೆ ಕುತೂಹಲ.

ಗ್ರೆಪ್‌ಗಿರಾಕಿ

ಇದೆ. ಹೈಡ್ರಾಕ್ಸಿಝೀನ್. ಎಚ್-ವೈ-ಡಿ-ಆರ್-ಒ-ಎಕ್ಸ್-ವೈ-ಝೆಡ್-ಐ-ಎನ್-ಇ. ಅಲರ್ಜಿಗೆ ಕೊಡುವ ಒಂದು ಔಷಧಿಯ ಹೆಸರು. ಸಾಲಾಗಿ ಬೇಡ, ಕ್ರಮ ಇದ್ದರೆ ಸಾಕು ಎಂದರೆ ಆಕ್ಸಿಜನೈಝ್ ಕೂಡ ನಡೆಯುತ್ತದೆ: ಒ-ಎಕ್ಸ್-ವೈ-ಜಿ-ಇ-ಎನ್-ಐ-ಝೆಡ್-ಇ. ನೋಡಿ, ಪ್ರಶ್ನೆ ಒಂದು ಚೂರು ಸಡಿಲವಾದರೆ ಉತ್ತರ ಹೇಗೆ ಬದಲಾಗುತ್ತದೆ.

ನಿವೃತ್ತ ಮೇಷ್ಟ್ರು

ಕಂಪ್ಯೂಟರ್ ವಿಷಯ ಇವರು ಹೇಳಲಿ, ತಲೆಯೊಳಗಿನ ದಾರಿ ನಾನು ಹೇಳುತ್ತೇನೆ. ಇಂಗ್ಲಿಷ್ ಪಾಠ ಮಾಡಿ ಮಾಡಿ ಬಂದ ಅಭ್ಯಾಸ ಇದು.

ಬಹಳ ಜನ ಏಳು ಅಕ್ಷರ ಕೊಟ್ಟರೆ ಏಳನ್ನೂ ಒಂದೊಂದಾಗಿ ಅದಲುಬದಲು ಮಾಡುತ್ತಾ ಕೂರುತ್ತಾರೆ. ಏಳು ಬೇರೆ ಬೇರೆ ಅಕ್ಷರಕ್ಕೆ 5,040 ಜೋಡಣೆ ಇವೆ. ಯಾರಿಗಾಗುತ್ತೆ? ಅಕ್ಷರ ನೋಡಬೇಡಿ, ತುಂಡು ನೋಡಿ. ಇಂಗ್ಲಿಷ್ ಪದದ ಬಾಲಗಳು ಕೆಲವೇ ಇವೆ. ಐ-ಎನ್-ಜಿ ಇದೆಯಾ, ಪಕ್ಕಕ್ಕೆ ಇಡಿ. ಟಿ-ಐ-ಒ-ಎನ್ ಇದೆಯಾ, ಪಕ್ಕಕ್ಕೆ ಇಡಿ. ಇ-ಆರ್, ಇ-ಡಿ, ಎಲ್-ವೈ, ಒ-ಯು-ಎಸ್ ಕೂಡ ಹಾಗೇ. ತಲೆಯ ಕಡೆ ಆರ್-ಇ, ಯು-ಎನ್, ಐ-ಎನ್. ಬಾಲ ಕಿತ್ತ ಮೇಲೆ ಉಳಿಯುವುದು ಮೂರೋ ನಾಲ್ಕೋ ಅಕ್ಷರ, ಅದನ್ನು ಹೊಂದಿಸುವುದು ಸುಲಭ.

ಒಂದು ಉದಾಹರಣೆ. ಸಿ, ಎ, ಪಿ, ಟಿ, ಐ, ಒ, ಎನ್. ಇವಿಷ್ಟೇ ಅಕ್ಷರ ಬಳಸಿ ಪದ ಕಟ್ಟಬೇಕು, ಒಂದೇ ಅಕ್ಷರ ಎಷ್ಟು ಸಲವಾದರೂ ಬರಬಹುದು ಎಂದುಕೊಳ್ಳಿ. ಟಿ-ಐ-ಒ-ಎನ್ ಕಿತ್ತಿಟ್ಟರೆ ಉಳಿಯುವುದು ಸಿ, ಎ, ಪಿ. ಕ್ಯಾಪ್ಷನ್ ಎದುರಿಗೇ ಇದೆ. ಅಕ್ಷರ ಮರುಬಳಕೆ ಮಾಡಿದರೆ ಆಪ್ಟಿಷಿಯನ್ ಬರುತ್ತದೆ, ಕ್ಯಾಪಿಟೇಷನ್ ಬರುತ್ತದೆ. ಇನ್ನೂ ಸ್ವಲ್ಪ ಎಳೆದರೆ ಆ್ಯಂಟಿಸಿಪೇಷನ್! ಎ-ಎನ್-ಟಿ-ಐ-ಸಿ-ಐ-ಪಿ-ಎ-ಟಿ-ಐ-ಒ-ಎನ್. ಹನ್ನೆರಡು ಅಕ್ಷರದ ಪದ, ಆದರೆ ಒಳಗಿರುವುದು ಅದೇ ಏಳು.

ಪದಪೇಚು

ಮೇಷ್ಟ್ರೇ, ಆ್ಯಂಟಿಸಿಪೇಷನ್ ನನಗೆ ಈ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಇದು ನೇರವಾಗಿ ಮುಂದಿನ ಆಟಕ್ಕೆ.

ಬಿಲ್ಲೆರಾಣಿ

ಮೇಷ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಅಕ್ಷರಗಳನ್ನು ಸಾಲಾಗಿ ಬರೆದರೆ ಕಣ್ಣು ಎಡದಿಂದ ಬಲಕ್ಕೆ ಓದಿಬಿಡುತ್ತದೆ, ಮೊದಲು ಕಂಡ ಜೋಡಣೆಯಿಂದ ಬಿಡಿಸಿಕೊಳ್ಳುವುದಿಲ್ಲ. ಕಾಗದದ ಮೇಲೆ ವೃತ್ತಾಕಾರದಲ್ಲಿ ಬರೆಯಿರಿ. ಪದಬಂಧ ಬಿಡಿಸುವವರು ಹಿಂದಿನಿಂದ ಮಾಡುವ ಉಪಾಯ ಇದು.

ನಾನು ಸ್ಕ್ರ್ಯಾಬಲ್ ಆಡುವವಳು. ನಮ್ಮಲ್ಲಿ ಕೊಟ್ಟ ಅಕ್ಷರದ ಬಿಲ್ಲೆಗಳಲ್ಲೇ ಪದ ಕಟ್ಟಬೇಕು, ಮೇಷ್ಟ್ರ ಆಟದ ಹಾಗೆ ಮರುಬಳಕೆ ಇಲ್ಲ. ಒಂದು ಐ ಇದ್ದರೆ ಒಂದೇ ಐ. ಅದಕ್ಕೆ ನಾವು ಅಕ್ಷರಗಳನ್ನು ಎ-ಬಿ-ಸಿ-ಡಿ ಕ್ರಮಕ್ಕೆ ಜೋಡಿಸಿ ನೆನಪಿಟ್ಟುಕೊಳ್ಳುತ್ತೇವೆ. ಆಲ್ಫಾಗ್ರಾಮ್ ಎನ್ನುತ್ತಾರೆ. ಲಿಸನ್, ಸೈಲೆಂಟ್, ಎನ್ಲಿಸ್ಟ್, ಟಿನ್ಸೆಲ್, ಇನ್ಲೆಟ್ಸ್, ಐದನ್ನೂ ಹಾಗೆ ಜೋಡಿಸಿ ನೋಡಿ. ಎಲ್ಲಾ ಇ-ಐ-ಎಲ್-ಎನ್-ಎಸ್-ಟಿ ಆಗುತ್ತವೆ. ಕೈಗೆ ಬಂದ ಬಿಲ್ಲೆಗಳನ್ನೂ ಅದೇ ಕ್ರಮದಲ್ಲಿ ಇಟ್ಟರೆ ಐದೂ ಪದ ಒಟ್ಟಿಗೆ ನೆನಪಾಗುತ್ತವೆ.

ಸ್ಕ್ರ್ಯಾಬಲ್ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಪುಟಗಳಲ್ಲಿ ಅಕ್ಷರ ಎಣಿಸಿ ಯಾವ ಬಿಲ್ಲೆ ಎಷ್ಟಿರಬೇಕು ಎಂದು ನಿರ್ಧರಿಸಿದರು. 100 ಬಿಲ್ಲೆಯಲ್ಲಿ ಇ ಮಾತ್ರ 12. ಜೆ, ಕೆ, ಕ್ಯೂ, ಎಕ್ಸ್, ಝೆಡ್ ಒಂದೊಂದೇ. ಎಸ್ ಅಷ್ಟು ಹೆಚ್ಚಾಗಿ ಬರುವ ಅಕ್ಷರವಾದರೂ ಬರೀ ನಾಲ್ಕು. ಇಲ್ಲದಿದ್ದರೆ ಎಲ್ಲರೂ ಸಿಕ್ಕ ಪದಕ್ಕೆಲ್ಲ ಎಸ್ ಅಂಟಿಸಿ ಅಂಕ ಹೊಡೆಯುತ್ತಿದ್ದರು.

ಐದಕ್ಷರ

ನನ್ನದು ವರ್ಡಲ್ ಸಮಸ್ಯೆ. ಐದಕ್ಷರದ ಪದವನ್ನು ಆರು ಊಹೆಯೊಳಗೆ ಹಿಡಿಯುವ ಆಟ ಅದು. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಬೇರೆ ಜಾಗದಲ್ಲಿದ್ದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು. ಐದರಲ್ಲಿ ನಾಲ್ಕು ಹಸಿರು ಬರುತ್ತದೆ, ಆಮೇಲೂ ಸೋಲುತ್ತೇನೆ. ಉದಾಹರಣೆಗೆ ಕೊನೆಯ ನಾಲ್ಕು ಎ-ಟಿ-ಸಿ-ಎಚ್ ಎಂದು ಗೊತ್ತಾಯಿತು. ಮೊದಲನೆಯದು ಏನು ಎಂದು ಹುಡುಕುವಷ್ಟರಲ್ಲಿ ಆರು ಅವಕಾಶ ಮುಗಿದಿರುತ್ತದೆ. ಇಂಥ ಕಡೆ ಏನು ಮಾಡಬೇಕು?

ಬಿಲ್ಲೆರಾಣಿ

ಅದು ಹಳೇ ಬಲೆ. ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್. ಏಳು ಪದ ಆಯಿತಲ್ಲ? ಒಂದೊಂದಾಗಿ ಹಾಕಿದರೆ ಅದೃಷ್ಟದ ಆಟ.

ಇಲ್ಲಿ ಉತ್ತರ ಹುಡುಕುವುದನ್ನು ಬಿಡಿ, ಅಕ್ಷರ ಹುಡುಕಿ. ನಿಮಗೆ ಅನುಮಾನ ಇರುವುದು ಬಿ, ಸಿ, ಎಚ್, ಎಲ್, ಎಂ, ಪಿ, ಡಬ್ಲ್ಯೂ ಮೇಲೆ. ಇವುಗಳಲ್ಲಿ ಜಾಸ್ತಿ ಅಕ್ಷರ ಇರುವ ಬೇರೆ ಯಾವುದಾದರೂ ಪದ ಯೋಚಿಸಿ. ಬ್ಲಿಂಪ್! ಬಿ-ಎಲ್-ಐ-ಎಂ-ಪಿ. ಇದು ಉತ್ತರ ಅಲ್ಲವೇ ಅಲ್ಲ, ನಿಮಗೂ ಗೊತ್ತು. ಆದರೆ ಒಂದೇ ಏಟಿಗೆ ನಾಲ್ಕು ಅಕ್ಷರದ ಪರೀಕ್ಷೆ ಆಗುತ್ತದೆ. ಬಿ ಹಸಿರಾದರೆ ಬ್ಯಾಚ್. ಎಲ್ ಹಳದಿಯಾದರೆ ಲ್ಯಾಚ್. ಎಂ ಹಳದಿಯಾದರೆ ಮ್ಯಾಚ್. ಪಿ ಹಳದಿಯಾದರೆ ಪ್ಯಾಚ್. ಯಾವುದೂ ಬಣ್ಣ ಬರಲಿಲ್ಲವೇ, ಉಳಿದದ್ದು ಕ್ಯಾಚ್, ಹ್ಯಾಚ್, ವಾಚ್ ಮೂರೇ.

ಬ್ಲಿಂಪ್ ಬದಲು ಚಾಂಪ್ ಹಾಕಬೇಡಿ. ಅದರಲ್ಲಿ ಸಿ, ಎಚ್ ಇವೆ, ಸರಿ. ಆದರೆ ಅವು ಎ-ಟಿ-ಸಿ-ಎಚ್‌ನಲ್ಲಿ ಹೇಗೂ ಇವೆಯಲ್ಲ. ಸಿ ಹಸಿರಾದರೆ ಕ್ಯಾಚ್ ಎಂದು ಗೊತ್ತಾಗುತ್ತದೆ, ಆದರೆ ಎಚ್ ಯಾವಾಗಲೂ ಹಳದಿಯೇ, ಅದರಿಂದ ಏನೂ ತಿಳಿಯುವುದಿಲ್ಲ. ಒಟ್ಟು ಮೂರೇ ಅಕ್ಷರದ ಪರೀಕ್ಷೆ ಆದಂತಾಯಿತು.

ಹಾರ್ಡ್ ಮೋಡ್ ಹಾಕಿಕೊಂಡಿದ್ದರೆ ಮಾತ್ರ ಈ ದಾರಿ ಇಲ್ಲ. ಅಲ್ಲಿ ಸಿಕ್ಕ ಅಕ್ಷರಗಳನ್ನು ಮುಂದಿನ ಪದದಲ್ಲೂ ಬಳಸಲೇಬೇಕು.

ಐದಕ್ಷರ

ಆಹಾ. ಐ-ಜಿ-ಎಚ್-ಟಿ ಬಲೆಗೂ ಹೀಗೇ ಅಲ್ವಾ? ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್, ಜೊತೆಗೆ ಏಯ್ಟ್ ಕೂಡ.

ಬಿಲ್ಲೆರಾಣಿ

ಹೌದು. ಫರ್ನ್ಸ್ ಹಾಕಿ ನೋಡಿ. ಎಫ್-ಇ-ಆರ್-ಎನ್-ಎಸ್. ಎಂಟು ಅನುಮಾನದಲ್ಲಿ ಐದು ಒಂದೇ ಪದದಲ್ಲಿ ಬಂತು. ಇನ್ನೊಂದು ವಿಷಯ. ವರ್ಡಲ್‌ನಲ್ಲಿ ಎರಡು ಪಟ್ಟಿ ಇವೆ. ಊಹೆಗೆ ಒಪ್ಪುವ ಪದಗಳು ಆರಂಭದಲ್ಲಿ ಸುಮಾರು 13,000 ಇದ್ದವು. ಉತ್ತರವಾಗಿ ಬರಲೆಂದು ಮೊದಲು ಆರಿಸಿದ್ದು ಸುಮಾರು 2,300, ಎಲ್ಲಾ ಪರಿಚಿತ ಪದಗಳೇ. ನಾಲ್ಕಕ್ಷರದ ಪದಕ್ಕೆ ಎಸ್ ಸೇರಿಸಿದ ಬಹುವಚನ ಉತ್ತರವಾಗಿ ಬರುವುದು ತೀರಾ ಅಪರೂಪ. ಫರ್ನ್ಸ್ ಊಹೆಗೆ ನಡೆಯುತ್ತದೆ, ಉತ್ತರ ಅದೇ ಇರಬಹುದು ಎಂದು ಕಾಯಬೇಡಿ.

ಹಾಳೆಲೆಕ್ಕ

ಪದಪೇಚು ಅವರೇ, ನಿಮಗೆ ಆಟ ಆಡುವುದಲ್ಲ, ಆಟ ಕಟ್ಟುವುದು ಬೇಕು. ಎಕ್ಸೆಲ್ ಗೊತ್ತಿದ್ದರೆ ಅಷ್ಟೇ ಸಾಕು. ಒಂದು ಪದಪಟ್ಟಿ ಇಳಿಸಿಕೊಂಡು ಒಂದು ಕಾಲಂನಲ್ಲಿ ಹಾಕಿಕೊಳ್ಳಿ.

ಫಿಲ್ಟರ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಎಂದರೆ ಯಾವುದೋ ಒಂದು ಅಕ್ಷರ, ನಕ್ಷತ್ರ ಎಂದರೆ ಎಷ್ಟಾದರೂ ಅಕ್ಷರ. ಐದು ಪ್ರಶ್ನಾರ್ಥಕ ಹಾಕಿದರೆ ಐದಕ್ಷರದ ಪದ ಮಾತ್ರ ಉಳಿಯುತ್ತವೆ. ಎರಡನೇ ಚಿಹ್ನೆಯ ಜಾಗದಲ್ಲಿ ಎ ಹಾಕಿದರೆ ಎರಡನೇ ಅಕ್ಷರ ಎ ಇರುವವು. ನಕ್ಷತ್ರ, ಕ್ಯೂ, ನಕ್ಷತ್ರ ಎಂದರೆ ಎಲ್ಲಿಯಾದರೂ ಕ್ಯೂ ಇರುವವು.

ಆದರೆ ಅಲ್ಲಿ ಎರಡೇ ಷರತ್ತು ಹಾಕಬಹುದು. ಮೂರು ನಾಲ್ಕು ಅಕ್ಷರ ಬೇಕಾದರೆ ಪಕ್ಕದ ಕಾಲಂಗಳಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಸರ್ಚ್ ಫಾರ್ಮುಲಾ ಬರೆಯಿರಿ. ಅಕ್ಷರ ಸಿಕ್ಕರೆ ಅದು ಎಷ್ಟನೇ ಜಾಗ ಎಂಬ ಸಂಖ್ಯೆ ಬರುತ್ತದೆ, ಸಿಗದಿದ್ದರೆ ಎರರ್. ಎಲ್ಲಾ ಕಾಲಂನಲ್ಲೂ ಸಂಖ್ಯೆ ಬಂದ ಪದಗಳೇ ನಿಮ್ಮ ಉತ್ತರ. ಹಾಗೇ ಆ ಸಂಖ್ಯೆಗಳು ಏರುತ್ತಾ ಹೋದರೆ ಅಕ್ಷರಗಳು ಕ್ರಮದಲ್ಲೂ ಇವೆ ಎಂದರ್ಥ. ಆದರೆ ಒಂದೇ ಅಕ್ಷರ ಎರಡು ಸಲ ಬಂದಿದ್ದರೆ ಮೊದಲನೆಯದನ್ನು ಮಾತ್ರ ಹೇಳುತ್ತದೆ, ಅಲ್ಲಿ ಕಣ್ಣಿಟ್ಟಿರಿ.

ಪದಪೇಚು

ಒಂದೇ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಬಹುದಾ ಅಕ್ಕಾ?

ಹಾಳೆಲೆಕ್ಕ

ಧಾರಾಳವಾಗಿ. ಪದದ ಉದ್ದ ತೆಗೆದುಕೊಳ್ಳಿ. ಸಬ್‌ಸ್ಟಿಟ್ಯೂಟ್ ಫಾರ್ಮುಲಾದಿಂದ ಆ ಅಕ್ಷರ ಅಳಿಸಿ, ಮತ್ತೆ ಉದ್ದ ನೋಡಿ. ಎರಡರ ವ್ಯತ್ಯಾಸವೇ ಎಣಿಕೆ. ಪೊಸೆಸಿವ್‌ನೆಸ್ ಎಂಬ ಪದದಲ್ಲಿ 14 ಅಕ್ಷರ, ಎಸ್ ಅಳಿಸಿದರೆ 8. ಅಂದರೆ ಆರು ಎಸ್. ಸಬ್‌ಸ್ಟಿಟ್ಯೂಟ್‌ಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಪಟ್ಟಿಯನ್ನು ಮೊದಲೇ ಪೂರ್ತಿ ಸಣ್ಣಕ್ಷರಕ್ಕೆ ತಿರುಗಿಸಿಕೊಳ್ಳಿ.

ಗ್ರೆಪ್‌ಗಿರಾಕಿ

ಎಕ್ಸೆಲ್ ಒಳ್ಳೆಯದೇ, ಆದರೆ ನನ್ನ ಮತ ಗ್ರೆಪ್‌ಗೆ. ಫೈಲಿನಲ್ಲಿ ನಾವು ಕೇಳಿದ ಅಕ್ಷರ ಇರುವ ಸಾಲುಗಳನ್ನಷ್ಟೇ ಆರಿಸಿ ತೋರಿಸುತ್ತದೆ. 1973ರಿಂದ ಇರುವ ಆಜ್ಞೆ, ಕೆನ್ ಥಾಂಪ್ಸನ್ ಬರೆದದ್ದು. ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಇದೆ. ಮ್ಯಾಕ್‌ನಲ್ಲಿ ಪದಪಟ್ಟಿಯ ಫೈಲೂ ಮೊದಲೇ ಇರುತ್ತದೆ, ಇಳಿಸಿಕೊಳ್ಳುವ ಗೋಜಿಲ್ಲ.

ಹಲವು ಅಕ್ಷರ ಎಲ್ಲೋ ಇರಬೇಕು ಎಂದರೆ ಒಂದೇ ದೊಡ್ಡ ಮಂತ್ರ ಬರೆಯಬೇಡಿ. ಎ ಗೆ ಒಂದು ಗ್ರೆಪ್, ಅದರ ಫಲಿತಾಂಶ ಬಿ ಯ ಗ್ರೆಪ್‌ಗೆ, ಅದರದ್ದು ಸಿ ಯ ಗ್ರೆಪ್‌ಗೆ. ಕೊಳವೆ ಜೋಡಿಸಿದ ಹಾಗೆ. ಯಾವುದಾದರೂ ಅಕ್ಷರ ಇರಬಾರದು ಎಂದರೆ ಆ ಗ್ರೆಪ್‌ಗೆ ಮೈನಸ್-ವಿ ಹಾಕಿ. ವರ್ಡಲ್‌ನ ಬೂದು ಅಕ್ಷರಗಳಿಗೆ ಇದೇ ಬೇಕಾದದ್ದು.

"ಇವಿಷ್ಟೇ ಅಕ್ಷರ" ಎಂಬ ಪ್ರಶ್ನೆಗೆ ಚಚ್ಚೌಕ ಆವರಣ. ಅದರೊಳಗೆ ಒಪ್ಪಿಗೆ ಇರುವ ಅಕ್ಷರ ಬರೆದು, ಆವರಣಕ್ಕೆ ಮೊದಲು ಟೋಪಿ ಗುರುತು (^), ಆವರಣ ಆದಮೇಲೆ ಕೂಡು ಗುರುತು (+), ಕೊನೆಗೆ ಡಾಲರ್ ಗುರುತು ($). ಟೋಪಿ ಎಂದರೆ ಪದದ ಆರಂಭ, ಕೂಡು ಎಂದರೆ ಆ ಅಕ್ಷರಗಳು ಎಷ್ಟು ಸಲವಾದರೂ ಬರಬಹುದು, ಡಾಲರ್ ಎಂದರೆ ಪದದ ಕೊನೆ. ಕೂಡು ಗುರುತಿಗೆ ಮೈನಸ್-ಇ (ದೊಡ್ಡಕ್ಷರದ E) ಆಯ್ಕೆ ಮರೆಯಬೇಡಿ. ಮೇಷ್ಟ್ರ ಏಳು ಅಕ್ಷರ ಹೀಗೆ ಹಾಕಿದರೆ ಆ್ಯಂಟಿಸಿಪೇಷನ್ ಕಣ್ಣಿಗೆ ಬೀಳುತ್ತದೆ.

ಆದರೆ ಬಿಲ್ಲೆರಾಣಿಯವರ ಪ್ರಶ್ನೆ, ಅಂದರೆ ಒಂದು ಬಿಲ್ಲೆ ಒಂದೇ ಸಲ ಎಂಬುದು, ಗ್ರೆಪ್‌ಗೆ ಒಗ್ಗುವುದಿಲ್ಲ. ಅಲ್ಲಿ ಅವರ ಆಲ್ಫಾಗ್ರಾಮ್ ದಾರಿಯೇ ಸರಿ. ಅನಗ್ರಾಮ್, ಅಂದರೆ ಅವೇ ಅಕ್ಷರ ಅದಲುಬದಲಾದ ಪದ, ಹುಡುಕುವ ಪ್ರೋಗ್ರಾಂಗಳೂ ಸಾಮಾನ್ಯವಾಗಿ ಅದನ್ನೇ ಮಾಡುತ್ತವೆ. ಪಟ್ಟಿಯ ಪ್ರತಿ ಪದದ ಅಕ್ಷರ ಜೋಡಿಸಿ, ಒಂದೇ ಜೋಡಣೆ ಬಂದವನ್ನು ಒಂದೇ ಗುಂಪಿಗೆ ಹಾಕುತ್ತವೆ.

ಪದಪೇಚು

ಕ್ಯೂ ಇದ್ದು ಯು ಇಲ್ಲದ್ದು? ಅದಕ್ಕೆ ಎರಡು ಗ್ರೆಪ್ ಸಾಕಲ್ವಾ, ಒಂದು ಕ್ಯೂ, ಇನ್ನೊಂದು ಮೈನಸ್-ವಿ ಯು?

ಗ್ರೆಪ್‌ಗಿರಾಕಿ

ಮತ್ತೆ ಅದೇ: ಯಾವ ಪ್ರಶ್ನೆ? ಪದದಲ್ಲಿ ಎಲ್ಲೂ ಯು ಇರಬಾರದು ಎಂದರೆ ನೀವು ಹೇಳಿದ್ದು ಸರಿ. ಆದರೆ ಜನ ಸಾಮಾನ್ಯವಾಗಿ ಕೇಳುವುದು "ಕ್ಯೂ ಪಕ್ಕ ಯು ಇರಬಾರದು" ಎಂದು. ಬುರ್ಖಾ ನೋಡಿ: ಬಿ-ಯು-ಆರ್-ಕ್ಯೂ-ಎ. ಅದರಲ್ಲಿ ಯು ಇದೆ, ಆದರೆ ಕ್ಯೂ ಪಕ್ಕದಲ್ಲಿಲ್ಲ. ನಿಮ್ಮ ಎರಡು ಗ್ರೆಪ್ ಅದನ್ನು ಹೊರಗೆ ಹಾಕಿಬಿಡುತ್ತವೆ.

ಸರಿ, ಕ್ಯೂ ಆದಮೇಲೆ ಚಚ್ಚೌಕ ಆವರಣ, ಅದರೊಳಗೆ ಟೋಪಿ ಮತ್ತು ಯು. ಆವರಣದ ಒಳಗೆ ಟೋಪಿ ಬಂದರೆ "ಇದು ಬಿಟ್ಟು" ಎಂದರ್ಥ. ಬುರ್ಖಾ, ನಿಕಾಬ್, ಫಕೀರ್, ಕಾನತ್ ಎಲ್ಲಾ ಬರುತ್ತವೆ. ಇವನ್ನೆಲ್ಲ ಕ್ಯೂ ಹಾಕಿ ಬರೆಯುವ ಸ್ಪೆಲಿಂಗ್ ಇದೆ. ಮುಗೀತು ಅಂದುಕೊಂಡರೆ ಅಲ್ಲೊಂದು ತೂತು. "ಯು ಬಿಟ್ಟು ಬೇರೆ ಒಂದು ಅಕ್ಷರ" ಎಂದು ನಾವು ಕೇಳಿದ್ದು, ಹಾಗಾಗಿ ಕ್ಯೂ ಆದಮೇಲೆ ಒಂದು ಅಕ್ಷರ ಇರಲೇಬೇಕು. ಕ್ಯೂನಲ್ಲೇ ಮುಗಿಯುವ ಪದಗಳು ಜಾರಿಹೋಗುತ್ತವೆ. ತಲಾಕ್, ಸೂಕ್, ಟ್ರ್ಯಾಂಕ್ ಎಲ್ಲಾ ಕ್ಯೂನಲ್ಲೇ ಮುಗಿಯುತ್ತವೆ. ಅದಕ್ಕೆ "ಅಥವಾ ಪದದ ಕೊನೆ" ಎಂದು ಡಾಲರ್ ಗುರುತನ್ನೂ ಸೇರಿಸಬೇಕು.

ನಿವೃತ್ತ ಮೇಷ್ಟ್ರು

ಕ್ಯೂ ಬಂದರೆ ಯು ಬರಲೇಬೇಕು ಎಂದು ತರಗತಿಯಲ್ಲಿ ಹೇಳಿಕೊಡುತ್ತಿದ್ದೆವು. ನೀವು ಕೊಟ್ಟ ಪಟ್ಟಿ ನೋಡಿದರೆ ಬಹುಪಾಲು ಅರಬಿ ಕಡೆಯಿಂದ ಬಂದವು. ಇಂಗ್ಲಿಷ್‌ನ ನಿಯಮ ಮುರಿಯುವ ಪದಗಳು ಸಾಮಾನ್ಯವಾಗಿ ಹೊರಗಿನಿಂದ ಬಂದಿರುತ್ತವೆ. ಇದನ್ನೂ ಹುಡುಕುವ ಉಪಾಯವಾಗಿ ಬಳಸಬಹುದು. ಜೆ ಯಲ್ಲಿ ಮುಗಿಯುವ ಪದ ಬೇಕೇ? ಇಂಗ್ಲಿಷ್ ಮೂಲದ ಪದ ನೆನಪಿಸಿಕೊಳ್ಳುತ್ತಾ ಕೂರಬೇಡಿ, ಸಿಗುವುದಿಲ್ಲ. ನಮ್ಮ ಕಡೆ ನೋಡಿ. ರಾಜ್, ತಾಜ್, ಸ್ವರಾಜ್. ಮೂರೂ ಇಂಗ್ಲಿಷ್ ನಿಘಂಟಿನಲ್ಲಿವೆ. ಯು ನಲ್ಲಿ ಮುಗಿಯುವುದಕ್ಕೆ ಗುರು, ಎಮು, ಟೋಫು, ಮೆನು. ಸ್ವರವೇ ಇಲ್ಲದ ಪದಕ್ಕೆ ವೇಲ್ಸ್ ಕಡೆ ಹೋಗಿ. ಸಿ-ಡಬ್ಲ್ಯೂ-ಎಂ ಎಂಬ ಪದವಿದೆ, ಬೆಟ್ಟದ ನಡುವಿನ ಬೋಗುಣಿಯಂಥ ಕಣಿವೆ. ಅಲ್ಲಿ ಡಬ್ಲ್ಯೂ ಸ್ವರದ ಕೆಲಸ ಮಾಡುತ್ತದೆ.

ಇನ್ನು ನಮ್ಮವರು ಎಡವುವ ಜಾಗ ಒಂದಿದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಅದಕ್ಕೇ ಇಂಗ್ಲಿಷ್ ಪದವನ್ನೂ ಕಿವಿಯಿಂದ ಹುಡುಕುತ್ತೇವೆ. ಕೆ ಯಿಂದ ಶುರುವಾಗುವ ಪದ ಹೇಳಿ ಎಂದರೆ ಕೈಟ್, ಕಿಂಗ್, ಕೀ. ನೀ, ನೈಫ್, ನಾಕ್, ನೋ ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಕೆ ಕೇಳಿಸುವುದೇ ಇಲ್ಲ. ಪಿ ಯಿಂದ ಶುರುವಾಗುವುದರಲ್ಲಿ ಸೈಕಾಲಜಿ, ನ್ಯುಮೋನಿಯ ಬಿಟ್ಟುಹೋಗುತ್ತವೆ. ಬಿ ಇರುವ ಪದಗಳಲ್ಲಿ ಡೆಟ್, ಸಟಲ್, ಪ್ಲಂಬರ್. ಎನ್ ನಲ್ಲಿ ಮುಗಿಯುವುದರಲ್ಲಿ ಆಟಂ, ಕಾಲಂ. ಎಫ್ ಶಬ್ದ ಕೇಳಿ ಎಫ್ ಹುಡುಕಿದರೆ ಇನಫ್, ರಫ್ ಕೈಗೆ ಸಿಗುವುದಿಲ್ಲ, ಅಲ್ಲಿರುವುದು ಜಿ-ಎಚ್. ಹುಡುಕುವಾಗ ಬಾಯಲ್ಲಿ ಹೇಳಿಕೊಳ್ಳಬೇಡಿ, ಬರೆದು ನೋಡಿ.

ಐದಕ್ಷರ

ಅದಕ್ಕೇನಾ ನನಗೆ ವೈ ಯಾವಾಗಲೂ ಕೊನೆಗೆ ಹೊಳೆಯುವುದು! ಸ್ವರ ಎಂದರೆ ಎ, ಇ, ಐ, ಒ, ಯು ಎಂದು ತಲೆಯಲ್ಲಿ ಕೂತುಬಿಟ್ಟಿದೆ. ರಿದಂ, ಮಿತ್, ಲಿಂಕ್ಸ್, ನಿಂಫ್, ಕ್ರಿಪ್ಟ್ ಎಲ್ಲದರಲ್ಲೂ ಐ ಇದೆ ಅನ್ನಿಸುತ್ತದೆ, ಒಂದರಲ್ಲೂ ಇಲ್ಲ.

ಸುಮ್ನೆಬಂದೆ

ಇಷ್ಟೆಲ್ಲ ಯಾಕೆ, ಎಐ ಚಾಟ್‌ಬಾಟ್ ಕೇಳಿದರೆ ಆಯ್ತಲ್ಲ?

ಗ್ರೆಪ್‌ಗಿರಾಕಿ

ಕೇಳಿ ನೋಡಿ. ಪಟ್ಟಿ ಕೊಡುತ್ತದೆ, ಅದರಲ್ಲಿ ಒಂದೆರಡು ಪದಗಳಲ್ಲಿ ನೀವು ಕೇಳಿದ ಅಕ್ಷರವೇ ಇರದಿರಬಹುದು. ಅದು ಪದವನ್ನು ನಮ್ಮ ಹಾಗೆ ಅಕ್ಷರ ಅಕ್ಷರವಾಗಿ ನೋಡುವುದಿಲ್ಲ, ಟೋಕನ್ ಎಂಬ ತುಂಡುಗಳಾಗಿ ನೋಡುತ್ತದೆ. ಸ್ಟ್ರಾಬೆರಿಯಲ್ಲಿ ಎಷ್ಟು ಆರ್ ಎಂದು ಕೇಳಿದಾಗ ಮೂರರ ಬದಲು ಎರಡು ಎಂದು ಹೇಳಿದ ಕಥೆ ಎಲ್ಲರಿಗೂ ಗೊತ್ತಿದೆ. ಪದ ಕೇಳುವ ಬದಲು ಗ್ರೆಪ್ ಆಜ್ಞೆ ಬರೆದುಕೊಡು ಎಂದು ಕೇಳಿ. ಅದನ್ನು ಚೆನ್ನಾಗಿ ಮಾಡುತ್ತದೆ.

ಬಿಲ್ಲೆರಾಣಿ

ಎಲ್ಲರೂ ಪದಪಟ್ಟಿ ಪದಪಟ್ಟಿ ಎನ್ನುತ್ತಿದ್ದೀರಿ. ಯಾವ ಪಟ್ಟಿ ಎಂದು ಯಾರೂ ಕೇಳಲಿಲ್ಲ. ಜಗಳ ಶುರುವಾಗುವುದೇ ಅಲ್ಲಿ.

ಸ್ಕ್ರ್ಯಾಬಲ್‌ನಲ್ಲೇ ಎರಡು ಪಟ್ಟಿ ಇವೆ. ಉತ್ತರ ಅಮೆರಿಕದವರದ್ದು ಸುಮಾರು ಎರಡು ಲಕ್ಷ ಪದ. ಬೇರೆ ಬಹುತೇಕ ಕಡೆ ಬಳಸುವ ಕಾಲಿನ್ಸ್ ಪಟ್ಟಿ ಸುಮಾರು 2.8 ಲಕ್ಷ. ಎರಡಕ್ಷರದ ಪದಗಳೇ ಅಲ್ಲಿ 107, ಇಲ್ಲಿ 127. ಅಂದರೆ ಒಂದು ಪದ ಅಲ್ಲಿ ತಪ್ಪು, ಇಲ್ಲಿ ಸರಿ. ಕ್ಯೂ-ಐ, ಚೀನೀಯರ ಪ್ರಾಣಶಕ್ತಿಯ ಪದ, ಅಮೆರಿಕದ ಪಟ್ಟಿಗೆ ಸೇರಿದ್ದು 2006ರಲ್ಲಿ. ಅದಕ್ಕೆ ಮೊದಲು ಕ್ಯೂ ಕೈಯಲ್ಲಿ ಸಿಕ್ಕಿಕೊಂಡರೆ ಬಹಳ ಪಾಡು ಪಡಬೇಕಿತ್ತು.

ಗ್ರೆಪ್‌ಗಿರಾಕಿಯವರು ಹೇಳಿದ ಮ್ಯಾಕ್‌ನ ಫೈಲ್ ಬೇರೆ. ಅದು 1934ರ ವೆಬ್‌ಸ್ಟರ್ ನಿಘಂಟಿನಿಂದ ತೆಗೆದದ್ದು.

ಗ್ರೆಪ್‌ಗಿರಾಕಿ

ಅದು ನಿಜ. ಸುಮಾರು 2.35 ಲಕ್ಷ ಪದ ಇದೆ, ಆದರೆ ಬಹುವಚನ, ಇ-ಡಿ, ಐ-ಎನ್-ಜಿ ರೂಪಗಳು ಬಹಳಷ್ಟು ಇಲ್ಲ. ಹೊಸ ಪದ ಕೇಳಲೇಬೇಡಿ. ಯಾರೂ ಬಳಸದ ಹಳೇ ಪದ ಮಾತ್ರ ರಾಶಿ ಇವೆ. ಅಚ್ಚರಿಯ ಪದ ಬೇಕಾದರೆ ಒಳ್ಳೆಯದು, ಗೆಳೆಯರ ಮುಂದೆ ತೀರ್ಪು ಹೇಳಲು ಅಲ್ಲ.

ಹಾಳೆಲೆಕ್ಕ

ಇನ್ನೊಂದು ಕಿರಿಕಿರಿ, ಬ್ರಿಟಿಷ್ ಸ್ಪೆಲಿಂಗಾ ಅಮೆರಿಕನ್ ಸ್ಪೆಲಿಂಗಾ? ಐದೂ ಸ್ವರ ಇರುವ ಪದಗಳ ಪಟ್ಟಿ ಮಾಡುತ್ತಿದ್ದಾಗ ಗಮನಕ್ಕೆ ಬಂತು. ಬಿಹೇವಿಯರ್, ಫೇವರಿಟ್ ಎರಡರಲ್ಲೂ ಬ್ರಿಟಿಷರು ಬರೆದರೆ ಎ, ಇ, ಐ, ಒ, ಯು ಪೂರ್ತಿ ಇವೆ. ಅಮೆರಿಕದವರು ಆ ಯು ಬಿಟ್ಟುಬಿಡುತ್ತಾರೆ, ಪದ ಪಟ್ಟಿಯಿಂದ ಬಿದ್ದೇ ಹೋಗುತ್ತದೆ.

ಜಗಳವಿಲ್ಲದ ಪದಗಳು ಬೇಕಾದರೆ: ಎಜುಕೇಷನ್, ಈಕ್ವೇಷನ್, ಟ್ಯಾಂಬೊರಿನ್, ಕಾಲಿಫ್ಲವರ್, ಸೆಕ್ವೊಯಾ. ಸೆಕ್ವೊಯಾದಲ್ಲಿ ಒಟ್ಟು ಏಳೇ ಅಕ್ಷರ, ಅದರಲ್ಲಿ ಐದು ಸ್ವರ. ಸ್ವರಗಳು ಎ-ಇ-ಐ-ಒ-ಯು ಕ್ರಮದಲ್ಲೇ ಬರಬೇಕು ಎಂದರೆ ಫೆಸೀಷಿಯಸ್, ಅಬ್‌ಸ್ಟೀಮಿಯಸ್. ತಿರುಗಾಮುರುಗಾ ಬೇಕೆಂದರೆ ಸಬ್‌ಕಾಂಟಿನೆಂಟಲ್. ಯು, ಒ, ಐ, ಇ, ಎ. ಇದು ನನಗೆ ತುಂಬಾ ಇಷ್ಟದ ಪದ.

ಸುಮ್ನೆಬಂದೆ

ಎಲ್ಲಾ ಸರಿ. ಆದರೆ ಕಂಪ್ಯೂಟರ್‌ನಲ್ಲಿ ಹುಡುಕಿ ಆಡಿದರೆ ಮೋಸ ಅಲ್ವಾ?

ನಿವೃತ್ತ ಮೇಷ್ಟ್ರು

ಆಡುವಾಗ ನೋಡಿದರೆ ಮೋಸ. ಆಡಿದ ಮೇಲೆ ನೋಡಿದರೆ ಪಾಠ.

ಬಿಲ್ಲೆರಾಣಿ

ಮೇಷ್ಟ್ರ ಮಾತಿಗೆ ನನ್ನ ಓಟು. ಆದರೂ ಪದ ಗೊತ್ತಿರುವುದು ಬೇರೆ, ಅರ್ಥ ಗೊತ್ತಿರುವುದು ಬೇರೆ. ನ್ಯೂಜಿಲೆಂಡ್‌ನ ನೈಜೆಲ್ ರಿಚರ್ಡ್ಸ್ ಎಂಬವರು ಫ್ರೆಂಚ್ ಮಾತಾಡಲು ಬಾರದೆಯೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು. ಅವರಿಗೆ ಅದು ಭಾಷೆಯೇ ಅಲ್ಲ, ಅಕ್ಷರಗಳ ಜೋಡಣೆ ಅಷ್ಟೇ. ನನಗೆ ಮಾತ್ರ ಅರ್ಥ ಗೊತ್ತಿಲ್ಲದ ಪದ ಇಟ್ಟರೆ ಅಂಕ ಬಂದರೂ ಖುಷಿ ಆಗುವುದಿಲ್ಲ.

ಐದಕ್ಷರ

ನಾನು ಉಲ್ಟಾ. ಅಂಕ ಬಂದರೆ ಸಾಕು, ಅರ್ಥ ಆಮೇಲೆ ನೋಡಿಕೊಂಡರಾಯಿತು.

ಪದಪೇಚು

ಎಲ್ಲರಿಗೂ ಥ್ಯಾಂಕ್ಸ್. ಗ್ರೆಪ್ ಕಲಿಯಲು ಕೂರುತ್ತೇನೆ, ಅಲ್ಲಿಯವರೆಗೆ ಎಕ್ಸೆಲ್. ಇನ್ನು ಮುಂದೆ ಪ್ರತಿ ಆಟದ ಮೇಲೆ ಬರೆದುಬಿಡುತ್ತೇನೆ: ಅಕ್ಷರ ಸಾಲಾಗಿ ಬೇಕಾ, ಕ್ರಮದಲ್ಲಿ ಬೇಕಾ, ಎಲ್ಲಿದ್ದರೂ ಸರಿಯಾ, ಮರುಬಳಕೆ ಇದೆಯಾ, ಯಾವ ಪಟ್ಟಿ.

ಒಂದು ಪ್ರಶ್ನೆ ಇಲ್ಲೇ ಪ್ರಯೋಗ ಮಾಡುತ್ತೇನೆ. ಒನ್, ಟು, ತ್ರೀ ಎಂದು ಸಂಖ್ಯೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾ ಹೋಗಿ. ಎ ಎಂಬ ಅಕ್ಷರ ಮೊದಲು ಬರುವುದು ಯಾವ ಸಂಖ್ಯೆಯಲ್ಲಿ?

ಐದಕ್ಷರ

ಏಯ್ಟ್? ಇಲ್ಲ, ಅದು ಇ ಯಿಂದ ಶುರು. ಮೇಷ್ಟ್ರು ಹೇಳಿದ ಕಿವಿಯ ಆಟ! ತಾಳಿ, ಬರೆದು ನೋಡುತ್ತೇನೆ.

ಹಾಳೆಲೆಕ್ಕ

1,000. ಥೌಸಂಡ್‌ನಲ್ಲಿ ಎ ಇದೆ, ಅದಕ್ಕೆ ಮೊದಲು ಎಲ್ಲೂ ಇಲ್ಲ.

ನಿವೃತ್ತ ಮೇಷ್ಟ್ರು

101. ಹಂಡ್ರೆಡ್ ಆ್ಯಂಡ್ ಒನ್. ನಾವು ಕಲಿಸಿದ್ದು ಹಾಗೇ.

ಹಾಳೆಲೆಕ್ಕ

ಅಮೆರಿಕದವರು ಅಲ್ಲಿ ಆ್ಯಂಡ್ ಹಾಕುವುದಿಲ್ಲ ಮೇಷ್ಟ್ರೇ.

ನಿವೃತ್ತ ಮೇಷ್ಟ್ರು

ಅವರು ಫೇವರಿಟ್‌ನಲ್ಲಿ ಯು ಕೂಡ ಹಾಕುವುದಿಲ್ಲ ಎಂದು ನೀವೇ ಹೇಳಿದಿರಿ.

ಪದಪೇಚು

ಇಬ್ಬರಿಗೂ ಅರ್ಧರ್ಧ ಅಂಕ. ನಿಯಮದ ಪಟ್ಟಿಗೆ ಇನ್ನೊಂದು ಸಾಲು ಸೇರಿಸುತ್ತಿದ್ದೇನೆ: ಸಂಖ್ಯೆ ಬರೆಯುವಾಗ ಆ್ಯಂಡ್ ಇಲ್ಲ.